ಆದಾಯ ತೆರಿಗೆ ವಿನಾಯಿತಿಯಲ್ಲಿ ಆಂಧ್ರದ ಪಾಲು

2025ರ ಫೆಬ್ರುವರಿ 1ರ ಬಜೆಟ್, ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಿತು. ಇದರಿಂದ ಬಿಟ್ಟುಹೋಗುವ ನೇರ ತೆರಿಗೆ ಸುಮಾರು ₹1 ಲಕ್ಷ ಕೋಟಿ ಎಂದು ಹಣಕಾಸು ಸಚಿವೆಯೇ ಹೇಳಿದ್ದರು. ಆ ಮೊತ್ತ ಪೂರ್ತಿ ಕೇಂದ್ರದ್ದಲ್ಲ. 2025–26ರಲ್ಲಿ, 15ನೇ ಹಣಕಾಸು ಆಯೋಗದ ಸೂತ್ರದಂತೆ, ಹಂಚಿಕೆಯಾಗುವ ತೆರಿಗೆಯಲ್ಲಿ ಶೇ 41 ರಾಜ್ಯಗಳದ್ದಾಗಿತ್ತು; ಅದರಲ್ಲಿ ಆಂಧ್ರಪ್ರದೇಶಕ್ಕೆ ಶೇ 4.047, ಕರ್ನಾಟಕಕ್ಕೆ ಶೇ 3.647 ಸಿಗುತ್ತಿತ್ತು. ಸ್ಥೂಲ ಲೆಕ್ಕದಲ್ಲಿ ಆಂಧ್ರ ಒಂದು ವರ್ಷಕ್ಕೆ ಕಳೆದುಕೊಂಡದ್ದು ಸುಮಾರು ₹1,660 ಕೋಟಿ, ಕರ್ನಾಟಕ ಸುಮಾರು ₹1,500 ಕೋಟಿ. ವಿನಾಯಿತಿ ಘೋಷಿಸಿದ್ದು ದೆಹಲಿ. ಅದರ ಭಾರ ಹೊತ್ತವರಲ್ಲಿ ರಾಜ್ಯಗಳೂ ಇವೆ.

ಜನರ ಕೈಯಲ್ಲಿ ಉಳಿದ ಹಣ ಮಾರುಕಟ್ಟೆಗೆ ಬಂದು ಜಿಎಸ್‌ಟಿಯಾಗಿ ರಾಜ್ಯದ ಬೊಕ್ಕಸಕ್ಕೇ ಮರಳುತ್ತದೆ ಎಂಬ ವಾದ ಪದೇ ಪದೇ ಕೇಳಿಬರುತ್ತದೆ. ಈ ವಾದ ಮಾಡುವವರು ಕೂಡಿ ಕಳೆದು ನೋಡಿದಂತಿಲ್ಲ. ವಿಶಾಖಪಟ್ಟಣದ ಗಾಜುವಾಕದಲ್ಲಿ ₹12 ಲಕ್ಷ ಆದಾಯದ ನೌಕರರೊಬ್ಬರಿಗೆ ಉಳಿಯುವುದು ₹80,000. ಅಷ್ಟನ್ನೂ ಶೇ 18ರ ಜಿಎಸ್‌ಟಿ ಇರುವ ವಸ್ತುಗಳಿಗೇ ಖರ್ಚು ಮಾಡಿದರೂ ಅದರಲ್ಲಿ ತೆರಿಗೆಯ ಭಾಗ ₹12,200, ಆಂಧ್ರಕ್ಕೆ ನೇರವಾಗಿ ಸೇರುವುದು ಅದರರ್ಧ, ₹6,100. ಈ ದರದಲ್ಲಿ ಆಂಧ್ರ ತನ್ನ ₹1,660 ಕೋಟಿಯನ್ನು ತುಂಬಿಕೊಳ್ಳಬೇಕಾದರೆ, ಕೇಂದ್ರ ಜಿಎಸ್‌ಟಿಯಿಂದ ಹಿಂದಿರುಗುವ ಅಲ್ಪ ಪಾಲನ್ನು ಸೇರಿಸಿಕೊಂಡರೂ, ರಾಜ್ಯದೊಳಗೆ ಸುಮಾರು ₹21,400 ಕೋಟಿ ಹೊಸ ಖರ್ಚು ಹುಟ್ಟಬೇಕು. ಅಂದರೆ ಇಡೀ ದೇಶಕ್ಕೆ ಸಿಕ್ಕ ವಿನಾಯಿತಿಯ ಐದನೇ ಒಂದು ಪಾಲು ಆಂಧ್ರದ ಮನೆಗಳಿಗೇ ಬಂದಿರಬೇಕು. ಇಂದಿನ ಗಡಿಯ ಲೆಕ್ಕದಲ್ಲಿ 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯ ಶೇ 4ರಷ್ಟಿದ್ದ, 2014ರಲ್ಲಿ ಹೈದರಾಬಾದನ್ನು ತೆಲಂಗಾಣಕ್ಕೆ ಬಿಟ್ಟುಕೊಟ್ಟ ರಾಜ್ಯದಲ್ಲಿ ಇದು ಆಗುವ ಮಾತಲ್ಲ. ಖರ್ಚಾದ ಹಣ ಎರಡನೇ, ಮೂರನೇ ಕೈಗೆ ಹೋದಾಗಲೂ ತೆರಿಗೆ ಹುಟ್ಟುತ್ತದೆ, ನಿಜ. ಆದರೆ ಉಳಿದ ಹಣದಲ್ಲಿ ಒಂದಷ್ಟು ಗೃಹಸಾಲದ ಕಂತಿಗೆ, ಶಾಲೆಯ ಶುಲ್ಕಕ್ಕೆ ಹೋಗುತ್ತದೆ. ಅಲ್ಲಿ ಜಿಎಸ್‌ಟಿಯೇ ಇಲ್ಲ. ಮೇಲಾಗಿ, 2025ರ ಸೆಪ್ಟೆಂಬರ್ 22ರಿಂದ ದಿನಬಳಕೆಯ ಎಷ್ಟೋ ವಸ್ತುಗಳ ಜಿಎಸ್‌ಟಿ ದರ ಶೇ 5ಕ್ಕೆ ಇಳಿದಿದೆ.

ನಷ್ಟವನ್ನು ಹಂಚುವುದು ಆಯೋಗದ ಸೂತ್ರ, ಲಾಭವನ್ನು ಹಂಚುವುದು ಸಂಬಳದಾರರು ಎಲ್ಲಿದ್ದಾರೆ ಎಂಬುದು. ಬೆಂಗಳೂರನ್ನು ಇಟ್ಟುಕೊಂಡಿರುವ ಕರ್ನಾಟಕಕ್ಕೆ ಖರ್ಚಿನ ಮೂಲಕ ಒಂದಿಷ್ಟು ಹೆಚ್ಚು ಮರಳೀತು. ವಿಶಾಖಪಟ್ಟಣ, ವಿಜಯವಾಡ ಎರಡೂ ಸೇರಿದರೂ ಆಂಧ್ರಕ್ಕೆ ಆ ಬಲವಿಲ್ಲ.

ಮನೆಗಳ ಲೆಕ್ಕದಲ್ಲೂ ರಾಜ್ಯದ ತೆರಿಗೆಗೆ ಇದ್ದ ಆಸರೆ ಹೋಗಿದೆ. ಹಳೆಯ ಪದ್ಧತಿಯಲ್ಲಿ ವೃತ್ತಿ ತೆರಿಗೆಯನ್ನು ಸಂಬಳದಿಂದ ಕಳೆಯಬಹುದು. ಮನೆ ಕೊಂಡಾಗಿನ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ₹1.5 ಲಕ್ಷದ ಕಡಿತದ ಮಿತಿಯಲ್ಲಿ ತೋರಿಸಬಹುದು. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. ವಿಶಾಖಪಟ್ಟಣದ ಮಧುರವಾಡದಲ್ಲಿ ₹60 ಲಕ್ಷದ ಫ್ಲ್ಯಾಟ್ ಕೊಂಡವರು ಶೇ 7.5ರಂತೆ ನೋಂದಣಿಯ ಹೊತ್ತಿಗೆ ಕಟ್ಟುವ ₹4.5 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಆದಾಯದಿಂದ ಕಳೆಯುವಂತಿಲ್ಲ. ದರ ಇಳಿದಿರುವುದರಿಂದ ಬಹುತೇಕ ಕುಟುಂಬಗಳಿಗೆ ಒಟ್ಟಿನಲ್ಲಿ ಲಾಭವೇ. ಆದರೆ ರಾಜ್ಯ ನಾಳೆ ತನ್ನ ಶುಲ್ಕ ಏರಿಸಿದರೆ ಆ ಏರಿಕೆ ಪೂರ್ತಿ ಮನೆಯವರ ಮೇಲೇ ಬೀಳುತ್ತದೆ.

ಏರಿಸಲು ರಾಜ್ಯಕ್ಕೆ ಜಾಗವೂ ಕಡಿಮೆ. ಸಂಬಳದ ಮೇಲೆ ಅದಕ್ಕಿರುವ ನೇರ ಹಿಡಿತ ವೃತ್ತಿ ತೆರಿಗೆಯೊಂದೇ. ಸಂವಿಧಾನದ 276ನೇ ವಿಧಿ ಅದನ್ನು ವರ್ಷಕ್ಕೆ ₹2,500ಕ್ಕೆ ಕಟ್ಟಿಹಾಕಿದೆ, ಅದೂ 1988ರಿಂದ. ವಿಜಯವಾಡದಲ್ಲಿ ತಿಂಗಳಿಗೆ ₹20,000 ಮೀರಿ ಸಂಬಳ ಪಡೆಯುವವರು ಈಗಾಗಲೇ ವರ್ಷಕ್ಕೆ ₹2,400 ಕೊಡುತ್ತಾರೆ. ಕರ್ನಾಟಕ 2025ರಲ್ಲಿ ಫೆಬ್ರುವರಿ ತಿಂಗಳ ಕಂತನ್ನು ₹300ಕ್ಕೆ ಏರಿಸಿ ಮಿತಿಯನ್ನು ಮುಟ್ಟಿತು.

ಇದೇ ಬಜೆಟ್ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸನ್ನು ಮುಟ್ಟಲಿಲ್ಲ. ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಯ ಬುಟ್ಟಿಗೆ ಬರುವುದೇ ಇಲ್ಲ. 270ನೇ ವಿಧಿ ಅವನ್ನು ಹೊರಗಿಟ್ಟಿದೆ. ವಿನಾಯಿತಿಯ ಒಂದು ಭಾಗವನ್ನಾದರೂ ಸೆಸ್ ಇಳಿಸಿ ಕೊಟ್ಟಿದ್ದರೆ ಆ ಮಟ್ಟಿಗೆ ಯಾವ ರಾಜ್ಯವೂ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಕೇಂದ್ರ ಕಡಿತ ಮಾಡಿದ್ದು ಹಂಚಬೇಕಾದ ತೆರಿಗೆಯಲ್ಲಿ, ಉಳಿಸಿಕೊಂಡದ್ದು ಹಂಚಬೇಕಿಲ್ಲದ ಸೆಸ್ಸನ್ನು.