ಳಕಾರದ ಸ್ಥಾನವನ್ನು ನಿರ್ಧರಿಸುವವರು ಯಾರು?

ಕನ್ನಡ ವರ್ಣಮಾಲೆಯನ್ನು ಬಾಯಿಪಾಠ ಮಾಡಿದವರೆಲ್ಲರೂ ಅದನ್ನು ‘ಯ ರ ಲ ವ ಶ ಷ ಸ ಹ ಳ’ ಎಂದೇ ಮುಗಿಸುತ್ತಾರೆ. ಳಕಾರ ಕೊನೆಯ ಅಕ್ಷರ. ಆದ್ದರಿಂದಲೇ ನಿಘಂಟು ತೆರೆದಾಗ ಬಲ, ಬವಣೆ, ಬಸವ, ಬಹುಮಾನ ಇವೆಲ್ಲ ಆದ ಮೇಲೆ ‘ಬಳ್ಳಿ’ಯನ್ನು ಹುಡುಕುತ್ತೇವೆ. ಆದರೆ ಇದೇ ಪದಗಳನ್ನು ಕಂಪ್ಯೂಟರಿನ ಡೇಟಾಬೇಸಿಗೆ ಕೊಟ್ಟು ಅಕಾರಾದಿಯಾಗಿ ಜೋಡಿಸಲು ಹೇಳಿದರೆ, ಬಹುಪಾಲು ಸಂದರ್ಭಗಳಲ್ಲಿ ದೊರೆಯುವ ಕ್ರಮ ಬೇರೆ: ಬಲ, ಬಳ್ಳಿ, ಬವಣೆ, ಬಸವ, ಬಹುಮಾನ. ಹೊರನಾಡ ಸಂಘಗಳ ಪುಸ್ತಕಭಂಡಾರಗಳು ತಮ್ಮ ಹಳೆಯ ದಾಖಲೆ ಪುಸ್ತಕಗಳನ್ನು ಗಣಕಕ್ಕೆ ಏರಿಸುತ್ತಿರುವ ಈ ದಿನಗಳಲ್ಲಿ ಇಂಥ ಪಟ್ಟಿಗಳು ಹೆಚ್ಚುತ್ತಿವೆ. ಇದನ್ನು ಯಂತ್ರದ ಚಾಳಿ ಎಂದು ಸಹಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಹಾಗೆ ಸಹಿಸಿಕೊಳ್ಳಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇದು ತಂತ್ರಾಂಶವನ್ನು ಕಟ್ಟುವಾಗ ಯಾರೋ ಮಾಡಿದ ಒಂದು ಆಯ್ಕೆಯ ಫಲ. ಮತ್ತೆ ಕಟ್ಟಿದರೆ ಆಯ್ಕೆಯೂ ಬದಲಾಗುತ್ತದೆ.

ಮೊದಲು ಕಾರಣವನ್ನು ನೋಡೋಣ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಲಕಾರಕ್ಕೆ 3250, ಳಕಾರಕ್ಕೆ 3251, ವಕಾರಕ್ಕೆ 3253, ಹಕಾರಕ್ಕೆ 3257. ಭಾರತೀಯ ಲಿಪಿಗಳ ಈ ವಿಂಗಡಣೆ 1988ರ ಇಸ್ಕಿ ಸಂಕೇತವ್ಯವಸ್ಥೆಯನ್ನು ಆಧರಿಸಿದ್ದು. ಎಲ್ಲ ಲಿಪಿಗಳಲ್ಲೂ ಸಮಾನ ಅಕ್ಷರಗಳು ಸಮಾನ ಸ್ಥಾನದಲ್ಲಿರಲಿ ಎಂಬುದು ಅದರ ಉದ್ದೇಶವಾಗಿತ್ತು. ಹಾಗಾಗಿ ಳಕಾರ ಲಕಾರದ ಪಕ್ಕದಲ್ಲಿ ಕುಳಿತಿತು. ಇದು ಕನ್ನಡಕ್ಕೆ ಮಾತ್ರ ಬಂದ ತೊಡಕೂ ಅಲ್ಲ. ಮುಂಬಯಿ, ಪುಣೆಗಳ ನಮ್ಮ ಮರಾಠಿ ನೆರೆಹೊರೆಯವರೂ ಹೈದರಾಬಾದಿನ ತೆಲುಗರೂ ಳಕಾರವನ್ನು ಹಕಾರದ ನಂತರವೇ ಹೇಳುತ್ತಾರೆ. ಚೆನ್ನೈಯಲ್ಲಿ ತೊಡಕು ಇನ್ನೊಂದು ಬಗೆಯದು: ತಮಿಳು ವ್ಯಂಜನಮಾಲೆ ಎರಡನೆಯ ನಕಾರದಿಂದ ಮುಗಿಯುತ್ತದೆ, ಸಂಖ್ಯೆಯ ಸಾಲಿನಲ್ಲಿ ಮಾತ್ರ ಅದು ಮೊದಲ ನಕಾರದ ಬೆನ್ನಿಗೇ ಇದೆ. ಯೂನಿಕೋಡ್ ಸಂಸ್ಥೆಯನ್ನು ಇಲ್ಲಿ ದೂರುವುದು ನ್ಯಾಯವಲ್ಲ. ಅಕ್ಷರದ ಸಂಖ್ಯೆಯೇ ಅದರ ಅಕಾರಾದಿ ಸ್ಥಾನವಲ್ಲವೆಂದು ಆ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ವಿಂಗಡಣೆಗೆಂದೇ ಪ್ರತ್ಯೇಕ ನಿಯಮಾವಳಿಯನ್ನೂ ರೂಪಿಸಿದೆ. ಹಾಗಿದ್ದರೆ ಆ ನಿಯಮಾವಳಿ ನಮ್ಮ ಪಟ್ಟಿಯವರೆಗೆ ಏಕೆ ತಲುಪುವುದಿಲ್ಲ?

ಉತ್ತರ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿಯಲ್ಲಿದೆ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕಭಂಡಾರವಲ್ಲ; ಬೇರೆ ತಂತ್ರಾಂಶಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಸಂಕೇತಗಳ ಗುಚ್ಛ. ಡಿ. ರಿಚರ್ಡ್ ಹಿಪ್ ಅವರು ಇದನ್ನು ಮೊದಲು ಹೊರತಂದದ್ದು 2000ರಲ್ಲಿ. ಇಂದು ನಮ್ಮ ಮೊಬೈಲುಗಳಲ್ಲಿ, ಬ್ರೌಸರುಗಳಲ್ಲಿ ಇದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಸಣ್ಣ ಸಂಘದ ಪುಸ್ತಕಪಟ್ಟಿಗೆ ಇದಕ್ಕಿಂತ ಒಪ್ಪುವ ಸಾಧನ ಕಡಿಮೆ: ಇಡೀ ಪಟ್ಟಿ ಒಂದೇ ಕಡತದಲ್ಲಿ ಇರುತ್ತದೆ, ಸರ್ವರ್ ಬೇಕಿಲ್ಲ, ಹಣ ಕೊಡಬೇಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶಗಳನ್ನು ದೀರ್ಘಕಾಲ ಕಾಪಿಡಲು ಶಿಫಾರಸು ಮಾಡುವ ರೂಪಗಳಲ್ಲಿ ಇದೂ ಒಂದು. ಇದರ ಸೋರ್ಸ್ ಕೋಡ್, ಅಂದರೆ ಆಕರ ಸಂಕೇತ, ಸಾರ್ವಜನಿಕ ಸ್ವತ್ತು. ಪರವಾನಗಿಯ ಷರತ್ತುಗಳಿರಬೇಕಾದ ಜಾಗದಲ್ಲಿ ಕಡತಗಳ ಆರಂಭಕ್ಕೆ ಒಂದು ಪುಟ್ಟ ಹರಕೆಯಿದೆ. ನಮ್ಮ ಶಾಸನಗಳ ಕೊನೆಯ ಶಾಪಾಶಯವನ್ನು ಬಲ್ಲವರಿಗೆ ಇದು ಸಂತೋಷ ಕೊಡುವ ಸಂಗತಿ.

ಈ ಎಸ್‌ಕ್ಯೂಲೈಟ್ ಪದಗಳನ್ನು ಹೋಲಿಸುವಾಗ, ಬೇರೆ ಸೂಚನೆಯಿಲ್ಲದಿದ್ದರೆ, ಬೈಟುಗಳನ್ನಷ್ಟೇ ನೋಡುತ್ತದೆ. ಭಾಷೆಗೆ ತಕ್ಕ ವಿಂಗಡಣೆ ಬೇಕಾದರೆ ಐಸಿಯು ಎಂಬ ಇನ್ನೊಂದು ಲೈಬ್ರರಿಯ ನೆರವು ಬೇಕು. ಈಗ ಯೂನಿಕೋಡ್ ಸಂಸ್ಥೆಯ ಆಶ್ರಯದಲ್ಲಿರುವ ಐಸಿಯುವಿನಲ್ಲಿ ಕನ್ನಡದ ಅಕ್ಷರಾನುಕ್ರಮವೂ ಅಡಕವಾಗಿದೆ. ಅಲ್ಲಿ ಳಕಾರ ಹಕಾರದ ನಂತರವೇ ಬರುತ್ತದೆ. ಐಸಿಯುವಿನೊಡನೆ ವ್ಯವಹರಿಸುವ ಭಾಗವೂ ಎಸ್‌ಕ್ಯೂಲೈಟಿನ ಆಕರದಲ್ಲಿ ಬರೆದೇ ಇದೆ. ಆದರೆ ಐಸಿಯು ಗಾತ್ರದಲ್ಲಿ ದೊಡ್ಡದು, ಎಸ್‌ಕ್ಯೂಲೈಟ್ ಚಿಕ್ಕದಾಗಿರಲೆಂದು ಹಟ ಹಿಡಿದ ತಂತ್ರಾಂಶ. ಆದ್ದರಿಂದ ಆ ಭಾಗವನ್ನು ಸಾಮಾನ್ಯವಾಗಿ ಮುಚ್ಚಿಟ್ಟೇ ಕಟ್ಟುತ್ತಾರೆ. ಅಂದರೆ ಕನ್ನಡಕ್ಕಾಗಿ ಆಗಬೇಕಾದ ಕೆಲಸ ಆಗಿದೆ. ಸಿದ್ಧಪ್ರತಿಯನ್ನು ಇಳಿಸಿಕೊಂಡವರಿಗೆ ಮಾತ್ರ ಅದು ಸಿಗುವುದಿಲ್ಲ.

ಆಕರದಿಂದ ಕಟ್ಟುವುದೆಂದರೆ ಈ ಬಾಗಿಲನ್ನು ತೆರೆಯುವುದು. ಕೆಲಸ ಹೆಸರು ಹೆದರಿಸುವಷ್ಟು ಕಠಿಣವಲ್ಲ. ಎಸ್‌ಕ್ಯೂಲೈಟಿನ ನೂರಕ್ಕೂ ಹೆಚ್ಚು ಕಡತಗಳನ್ನು ಅದರ ಕರ್ತೃಗಳೇ ಒಂದು ದೊಡ್ಡ ಸಿ ಕಡತವಾಗಿ ಒಗ್ಗೂಡಿಸಿ ಕೊಡುತ್ತಾರೆ. ಅದರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಸಾಲುಗಳಿವೆ. ಲಿನಕ್ಸ್ ಗಣಕದಲ್ಲಿ ಸಿ ಭಾಷೆಯ ಕಂಪೈಲರ್ ಇರಬೇಕು, ಐಸಿಯುವಿನ ಅಭಿವೃದ್ಧಿ ಕಡತಗಳು ಇರಬೇಕು. ಈ ಎರಡನೆಯದನ್ನು ಹಲವರು ಮರೆಯುತ್ತಾರೆ, ಏಕೆಂದರೆ ಐಸಿಯು ಮೊದಲೇ ಇರುವ ಗಣಕದಲ್ಲೂ ಅದರ ಹೆಡರ್ ಕಡತಗಳು ಬೇರೆ ಪೊಟ್ಟಣವಾಗಿ ಬರುತ್ತವೆ. ಅನಂತರ ಐಸಿಯುವನ್ನು ಸೇರಿಸು ಎಂಬ ಸೂಚನೆಯೊಡನೆ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಹೆಜ್ಜೆಗಳು. ವ್ಯವಸ್ಥೆಯೊಡನೆ ಬಂದ ಹಳೆಯ ಪ್ರತಿಯ ಮೇಲೆ ಹೊಸದನ್ನು ಹೇರದೆ ಬೇರೆ ಕೋಶದಲ್ಲಿ ಇಡುವುದು ಜಾಣತನ. ಹೊಸದನ್ನು ಕಟ್ಟಿದ ಮೇಲೂ ನಮ್ಮ ತಂತ್ರಾಂಶ ಹಳೆಯದನ್ನೇ ಕರೆಯುತ್ತಿರಬಹುದು; ‘ಪ್ರಾಗ್ಮಾ ಕಂಪೈಲ್ ಆಪ್ಷನ್ಸ್’ ಎಂದು ಕೇಳಿದರೆ ಬಳಕೆಯಲ್ಲಿರುವ ಪ್ರತಿ ಯಾವ ಆಯ್ಕೆಗಳೊಡನೆ ಕಟ್ಟಿದ್ದೆಂದು ಅದೇ ಹೇಳುತ್ತದೆ. ಆ ಪಟ್ಟಿಯಲ್ಲಿ ಐಸಿಯು ಕಂಡರೆ, ಡೇಟಾಬೇಸನ್ನು ತೆರೆದಾಗಲೆಲ್ಲ ಕನ್ನಡದ ಕ್ರಮವನ್ನು ಹೆಸರಿಟ್ಟು ಕರೆದುಕೊಳ್ಳಬೇಕು. ಅಲ್ಲಿಗೆ ಬಳ್ಳಿ ಬಹುಮಾನದ ನಂತರ ಬರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಸಿದ್ಧಪ್ರತಿಯ ದೋಷನಿವಾರಣೆಗಳು ತಾವಾಗಿ ಬರುತ್ತವೆ. ಕೈಯಾರೆ ಕಟ್ಟಿದ್ದನ್ನು ಕೈಯಾರೆಯೇ ಮತ್ತೆ ಮತ್ತೆ ಕಟ್ಟಬೇಕು. ಕನ್ನಡದ ಕ್ರಮವನ್ನು ಕೋಷ್ಟಕದ ಸೂಚಿಯೊಳಗೇ ನಿಲ್ಲಿಸಿದರೆ, ಐಸಿಯುವಿನ ಆವೃತ್ತಿ ಬದಲಾಗಿ ಕ್ರಮವೂ ಬದಲಾದಾಗ ಸೂಚಿಯನ್ನು ಹೊಸದಾಗಿ ರಚಿಸಬೇಕು. ಆ ಕ್ರಮವನ್ನರಿಯದ ಬೇರೆ ಗಣಕದಲ್ಲಿ ಅಂಥ ಕೋಷ್ಟಕ ಸರಿಯಾಗಿ ಕೆಲಸ ಮಾಡುವುದೂ ಇಲ್ಲ. ಆದ್ದರಿಂದ ದತ್ತಾಂಶದ ಕಡತವನ್ನು ಸರಳವಾಗಿಯೇ ಇಟ್ಟು, ಪಟ್ಟಿ ತೆಗೆಯುವ ಹೊತ್ತಿಗೆ ಮಾತ್ರ ಕನ್ನಡದ ಕ್ರಮವನ್ನು ಅನ್ವಯಿಸುವುದು ಸಂಘಗಳಿಗೆ ಲೇಸು. ನಾಳೆ ಕಾರ್ಯಕಾರಿ ಸಮಿತಿ ಬದಲಾದರೂ ಕಡತ ಯಾರ ಕೈಯಲ್ಲಾದರೂ ತೆರೆದೀತು.

ಇಷ್ಟೆಲ್ಲ ಏಕೆ, ಪೈಥಾನ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ವಿಂಗಡಣಾ ನಿಯಮ ಬರೆದು ಎಸ್‌ಕ್ಯೂಲೈಟಿಗೆ ಜೋಡಿಸಿದರೆ ಸಾಲದೇ ಎಂದು ಬಲ್ಲವರು ಕೇಳಬಹುದು. ಒಂದು ಪಟ್ಟಿಗೆ ಸಾಲುತ್ತದೆ. ಆದರೆ ಆ ನಿಯಮ ಆ ಒಂದು ಕ್ರಮವಿಧಿಯೊಳಗೆ ಬದುಕಿ, ಬರೆದವರು ಊರು ಬಿಟ್ಟಾಗ ಅವರೊಡನೆ ಹೋಗುತ್ತದೆ. ನೌಕರಿಯ ವರ್ಗಾವಣೆಗಳನ್ನು ಕಂಡ ಹೊರನಾಡ ಸಂಘಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐಸಿಯುವಿನಲ್ಲಿರುವ ಕ್ರಮ ಎಲ್ಲರಿಗೂ ಸಲ್ಲುವ ಮಾನಕ. ಅದರಲ್ಲಿ ಕುಂದಿದ್ದರೆ ತಿದ್ದುಪಡಿ ಸೂಚಿಸುವ ಸಾರ್ವಜನಿಕ ಮಾರ್ಗವಿದೆ. ಅದನ್ನು ನಿತ್ಯ ಬಳಸುವವರಿಗೆ ಮಾತ್ರ ಕುಂದು ಕಣ್ಣಿಗೆ ಬೀಳುತ್ತದೆ.

ದೊಡ್ಡ ಸಂಸ್ಥೆಗಳು ಈ ಮರ್ಮವನ್ನು ಎಂದೋ ಅರಿತಿವೆ. ಆಂಡ್ರಾಯ್ಡ್ ಕಟ್ಟಿದವರು ಎಸ್‌ಕ್ಯೂಲೈಟನ್ನು ಇದ್ದಂತೆ ಸ್ವೀಕರಿಸಲಿಲ್ಲ. ಬಳಕೆದಾರರ ಭಾಷೆಗೆ ತಕ್ಕಂತೆ ಬದಲಾಗುವ ವಿಂಗಡಣೆಯನ್ನು ಸೇರಿಸಿಯೇ ತಮ್ಮ ಪ್ರತಿಯನ್ನು ಸಿದ್ಧಪಡಿಸಿದರು. ಅವರು ಬಳಸಿದ ಆಕರವೇ ನಮಗೂ ದೊರೆಯುತ್ತದೆ. ಎಸ್‌ಕ್ಯೂಲೈಟಿನ ಕರ್ತೃಗಳು ಹೊರಗಿನವರ ಸಂಕೇತವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲವಾದ್ದರಿಂದ, ಅವರಿಗೆ ಮನವಿ ಬರೆದು ಕಾಯುವುದಕ್ಕಿಂತ ಬೇಕಾದ ಆಯ್ಕೆಯೊಡನೆ ನಾವೇ ಕಟ್ಟಿಕೊಳ್ಳುವುದು ಹತ್ತಿರದ ದಾರಿ.

ಎಲ್ಲರೂ ಕಂಪೈಲರ್ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ನಮ್ಮ ಸಂಘಗಳಲ್ಲಿ ತಂತ್ರಾಂಶವೃತ್ತಿಯ ಸದಸ್ಯರಿಗೆ ಕೊರತೆಯಿಲ್ಲ. ನಾಟಕದ ಬೆಳಕಿಗೆ, ರಾಜ್ಯೋತ್ಸವದ ಧ್ವನಿವರ್ಧಕಕ್ಕೆ ಅವರನ್ನು ಕರೆಯುತ್ತೇವೆ. ಸಂಘಕ್ಕೊಬ್ಬರಂತೆ ಅವರಲ್ಲಿ ಯಾರಾದರೂ ಈ ಲೈಬ್ರರಿಯನ್ನು ಆಕರದಿಂದ ಕಟ್ಟಲು ಕಲಿತು, ಕಟ್ಟಿದ ಬಗೆಯನ್ನು ಹೆಜ್ಜೆಹೆಜ್ಜೆಯಾಗಿ ಕನ್ನಡದಲ್ಲಿ ಬರೆದು ಪುಸ್ತಕಭಂಡಾರದ ದಾಖಲೆಯೊಡನೆ ಇಡಲಿ. ಮುಂದಿನ ಗ್ರಂಥಪಾಲಕರು ಯಾರೇ ಆಗಲಿ, ಆ ಹಾಳೆಗಳನ್ನು ಓದಿ ಳಕಾರವನ್ನು ಅದರ ಜಾಗದಲ್ಲೇ ಉಳಿಸಿಕೊಳ್ಳುತ್ತಾರೆ.