ಫ್ಲ್ಯಾಟು ನಿಮ್ಮದು, ಮೆಟ್ಟಿಲು ಯಾರದು?

ಮೌಳಂಗಿ ಕಡೆಯಿಂದ ದಾಂಡೇಲಿ ಪೇಟೆಗೆ ಬರುವವರ ಬಾಯಲ್ಲಿ ರಿಸಾರ್ಟಿನ ಸುದ್ದಿಯ ಜೊತೆಗೆ ಈಗೀಗ ಫ್ಲ್ಯಾಟಿನ ಸುದ್ದಿಯೂ ಸೇರಿಕೊಂಡಿದೆ. ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು, ಬಂಗೂರನಗರದ ಕ್ವಾರ್ಟರ್ಸಿನ ಕೀಲಿ ಒಪ್ಪಿಸಿ ಹೊರಬೀಳುವವನ ಕೈಯಲ್ಲಿ ಪಿ.ಎಫ್. ಹಣ ಇರುತ್ತದೆ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಎರಡು ಕೋಣೆಯ ಫ್ಲ್ಯಾಟು ಹಿಡಿದರಾಯಿತು ಅಂತ ಹೊರಡುತ್ತಾನೆ. ಬಣ್ಣದ ಚಿತ್ರವಿದ್ದ ಕಾಗದ ನೋಡುತ್ತಾನೆ, ಮುಂಗಡ ಎಣಿಸುತ್ತಾನೆ. ಕಾನೂನು ಕೇಳುವುದು ಆಮೇಲೆ!

ನಮ್ಮ ಕಡೆಯ ಜನಕ್ಕೆ ಮನೆ ಅಂದರೆ ನೆಲ, ಹಂಚು, ಹಿತ್ತಲು, ನಾಲ್ಕು ಮೂಲೆಗೆ ನಾಲ್ಕು ಗಡಿಕಲ್ಲು. ಮೂರನೇ ಮಹಡಿಯಲ್ಲಿ ಗಡಿಕಲ್ಲು ಎಲ್ಲಿ ಹುಗಿಯುವುದು? ಇದಕ್ಕೆ ಉತ್ತರ ಕೊಡಲಿಕ್ಕೆಂದೇ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. ಫ್ಲ್ಯಾಟು ಕೊಂಡವನಿಗೆ ಸಿಗುವುದು ಎರಡು. ಒಂದು, ನಾಲ್ಕು ಗೋಡೆಯ ಒಳಗಿನದು. ಅದನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಇನ್ನೊಂದು, ಕೆಳಗಿನ ಜಾಗ, ಮೆಟ್ಟಿಲು, ತಾರಸಿ, ನೀರಿನ ಟ್ಯಾಂಕು ಮುಂತಾದವುಗಳಲ್ಲಿ ಎಲ್ಲರ ಜೊತೆಗಿನ ಅವಿಭಜಿತ ಪಾಲು. ಈ ಪಾಲನ್ನು ಫ್ಲ್ಯಾಟಿನಿಂದ ಕಿತ್ತು ಬೇರೆಯಾಗಿ ಮಾರಲು ಬರುವುದಿಲ್ಲ.

ಆದರೆ ಒಂದು ಮಾತು ಲಕ್ಷ್ಯದಲ್ಲಿಡಬೇಕು. ಈ ಕಾಯ್ದೆ ತಾನಾಗಿ ಕಟ್ಟಡದ ಮೇಲೆ ಬಂದು ಕೂರುವುದಿಲ್ಲ. ಯಾರಿಗೆ ಎಷ್ಟು ಪಾಲು, ಯಾವುದು ಸಾಮಾನ್ಯ ಜಾಗ ಎಂದು ಬರೆದ 'ಡಿಕ್ಲರೇಶನ್ ಡೀಡ್' ರಿಜಿಸ್ಟರ್ ಆಗಬೇಕು. ಅದಾಗಿದೆಯೇ ಎಂದು ಕೇಳದೆ ಖರೀದಿ ಮಾಡಿದವರು ಮುಂದೆ ತಾರಸಿಯ ಮೇಲೆ ಬಿಲ್ಡರ್ ಹೊಸ ಮನೆ ಎಬ್ಬಿಸಲು ನಿಂತಾಗ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ.

ನಿರ್ವಹಣೆಯ ವಂತಿಗೆಯದು ಇನ್ನೊಂದು ರಗಳೆ. 'ನಾವು ಲಿಫ್ಟ್ ಹತ್ತೋದೇ ಇಲ್ಲ, ಯಾಕೆ ಕೊಡಬೇಕು?' ಎನ್ನುವ ನೆಲಮಹಡಿಯವರು ಎಲ್ಲ ಕಟ್ಟಡದಲ್ಲೂ ಇದ್ದಾರೆ. ಬಳಸುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಈ ಕಾಯ್ದೆಯಲ್ಲಿ ಎಡೆಯಿಲ್ಲ. ಬಾಕಿ ಉಳಿದರೆ ಅದು ಫ್ಲ್ಯಾಟಿನ ಮೇಲಿನ ಋಣವಾಗುತ್ತದೆ, ಮಾರಿದರೆ ಕೊಂಡವನೂ ಅದಕ್ಕೆ ಹೊಣೆ. ಹಳೇ ಫ್ಲ್ಯಾಟು ಕೊಳ್ಳುವವರು ಸಂಘದಿಂದ ಬಾಕಿಯ ಲೆಕ್ಕ ಬರೆಸಿಕೊಳ್ಳದೆ ಹಣ ಕೊಡಬಾರದು.

ಹೊಸ ಫ್ಲ್ಯಾಟಿಗೆ 2016ರ ರೇರಾ ಕಾಯ್ದೆ ಇದೆ. ರಿಜಿಸ್ಟರ್ ಆದ ಕರಾರು ಇಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕೊಂಡವರು ಕೊಟ್ಟ ಹಣದಲ್ಲಿ ನೂರಕ್ಕೆ 70 ಭಾಗ ಪ್ರತ್ಯೇಕ ಖಾತೆಯಲ್ಲಿದ್ದು ಅದೇ ಕಟ್ಟಡಕ್ಕೆ ಮತ್ತು ಅದರ ಜಾಗಕ್ಕೇ ಖರ್ಚಾಗಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರನೇ ರಿಪೇರಿ ಮಾಡಿಕೊಡಬೇಕು. ಅಳತೆ ಹೇಳುವಾಗ 'ಕಾರ್ಪೆಟ್ ಏರಿಯಾ', ಅಂದರೆ ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಕಾಲಿಡಲು ಸಿಗುವ ಜಾಗವನ್ನೇ ಹೇಳಬೇಕು. 'ಸೂಪರ್ ಬಿಲ್ಟ್‌ಅಪ್' ಎಂದು ಮೆಟ್ಟಿಲನ್ನೂ ಕೂಡಿಸಿ ಹೇಳುವ ಸಾವಿರ ಚದರಡಿಯನ್ನು ನಂಬಿ ಮಂಚ, ಕಪಾಟು ಒಯ್ದವರಿಗೆ ನಿಜವಾದ ಅಳತೆ ಆಗಲೇ ತಿಳಿಯುವುದು. ಪಾರ್ಕಿಂಗಿನ ವಿಷಯದಲ್ಲೂ ಹೀಗೆಯೇ. ಕಂಬಗಳ ನಡುವಿನ ಜಾಗವನ್ನು ಗ್ಯಾರೇಜು ಎಂದು ಬೇರೆ ಮಾರಲು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ಮುಂಬಯಿಯ ಒಂದು ಪ್ರಕರಣದಲ್ಲಿ 2010ರಲ್ಲೇ ಹೇಳಿತು.

ಇಷ್ಟೆಲ್ಲ ಚೆನ್ನಾಗಿದೆ. ಆದರೆ ಸಣ್ಣ ಊರಿಗೆ ಬಂದರೆ ಈ ಕೊಡೆ ತೂತು. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲ್ಯಾಟು 8 ಮೀರದಿದ್ದರೆ ರೇರಾದಲ್ಲಿ ನೋಂದಣಿ ಬೇಕಿಲ್ಲ. 500 ಚದರ ಮೀಟರ್ ಅಂದರೆ ಹತ್ತಿರಹತ್ತಿರ 5 ಗುಂಟೆ. ದಾಂಡೇಲಿ, ಹಳಿಯಾಳದಂಥ ಊರಲ್ಲಿ ಅಪಾರ್ಟ್‌ಮೆಂಟು ಎಬ್ಬಿಸುವವರಿಗೆ 5 ಗುಂಟೆಯೇ ದೊಡ್ಡದು. ದೊಡ್ಡ ಶಹರದವನಿಗೆ ಕೊಡೆ, ಸಣ್ಣ ಊರಿನವನಿಗೆ ಮಳೆ! ಈ ಮಿತಿ ಇಳಿಸುವ ಅಧಿಕಾರ ಕಾಯ್ದೆಯಲ್ಲೇ ಸರ್ಕಾರಕ್ಕಿದೆ, ಅದನ್ನು ಬಳಸಬೇಕು. ಅಲ್ಲಿಯವರೆಗೆ ಕೊಳ್ಳುವವನೇ ಉತಾರ ನೋಡಬೇಕು, ಜಾಗ ಎನ್.ಎ. ಆಗಿದೆಯೇ ವಿಚಾರಿಸಬೇಕು, ಋಣಭಾರ ಪತ್ರ ತೆಗೆಸಬೇಕು, ನಗರಸಭೆ ಮಂಜೂರು ಮಾಡಿದ ನಕ್ಷೆಯಲ್ಲಿ ಎಷ್ಟು ಮಹಡಿ ಇದೆ, ಎದುರಿಗೆ ಎಷ್ಟು ನಿಂತಿದೆ ಎಂದು ಬೆರಳು ಮಡಚಿ ಎಣಿಸಬೇಕು. ಬಾಂಡ್ ಪೇಪರು, ಮುಖತ್ಯಾರ ಪತ್ರದಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ ಮೇಲೂ ಅದನ್ನೇ ಪೆಟ್ಟಿಗೆಯಲ್ಲಿ ಜೋಪಾನ ಮಾಡುವವರಿದ್ದಾರೆ. ಮೋಸ ಹೋದವರಿಗೆ ಕಾರವಾರದ ಗ್ರಾಹಕ ಆಯೋಗ ಉಂಟು. ಬಸ್ ಚಾರ್ಜು, ದಿನದ ದುಡಿಮೆ ಎರಡೂ ಕಳೆದುಕೊಂಡು ಘಟ್ಟ ಇಳಿಯಬೇಕು, ಅಷ್ಟೆ.

ಫ್ಲ್ಯಾಟು ಶ್ರೀಮಂತರ ಮಾತು ಎನ್ನುವವರು ಅಂಬೇವಾಡಿ ಕಡೆ ಹೋಗಿ ಬರಲಿ. ಬಡವರಿಗೆಂದು ಅಲ್ಲಿ ಎದ್ದ ಜಿ ಪ್ಲಸ್ 2 ಮನೆಗಳೂ ಒಂದರ ಮೇಲೊಂದು ಕೂತ ಮನೆಗಳೇ. ಒಂದೇ ಮೆಟ್ಟಿಲು, ಒಂದೇ ತಾರಸಿ, ಒಂದೇ ಪೈಪು. ತಾರಸಿ ಸೋರಿದರೆ ಮೇಲಿನವ ಒಬ್ಬನೇ ಕೊಡಬೇಕೋ, ಕೆಳಗಿನವನೂ ಕೂಡಬೇಕೋ? ಕಾಗದ ಓದಿ ಅಭ್ಯಾಸವಿಲ್ಲದ ಕುಟುಂಬಗಳ ನಡುವೆ ಇದು ಜಗಳವಾಗಿ ಪೊಲೀಸ್ ಠಾಣೆ ಹತ್ತಲು ಒಂದು ಮಳೆಗಾಲ ಸಾಕು. ಕೀಲಿ ಕೊಡುವ ದಿನವೇ ಅಧಿಕಾರಿಗಳು ಪ್ರತಿ ಕಟ್ಟಡಕ್ಕೂ ಸಂಘ ಮಾಡಿಸಿ, ಯಾವುದು ಸಾಮಾನ್ಯ, ಯಾರ ವಂತಿಗೆ ಎಷ್ಟು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಪ್ರತಿ ಮನೆಯವರ ಕೈಗೆ ಕೊಡಬೇಕು.