ತಲೆ ಮೇಲಿನ ಬಟ್ಟೆಗೆ ಗೋಂದಲ್ಲ, ಹೊಲಿಗೆ ಬೇಕು

ಮೊನ್ನೆ ಶ್ರೀನಿವಾಸಪುರದಲ್ಲಿ ಸೀಮಂತದೂಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ವಿ. ಚಿಕ್ಕಮ್ಮನ ಸೊಸೆ ಹೊರಗೆ ನಿಂತಿದ್ದ ನಮ್ಮ ಅಂಬಾಸಿಡರ್ ಕಡೆ ನೋಡಿ, "ಅಕ್ಕಾ, ಒಳಗೆ ಮೇಲಿನ ಬಟ್ಟೆ ಜೋತಾಡ್ತಿತ್ತಲ್ಲ, ಅದನ್ನ ಅರ್ಧ ದಿನದಲ್ಲಿ ಸಲ್ಯೂಷನ್ ಹಚ್ಚಿ ಅಂಟಿಸ್ಕೊಡ್ತಾರೆ. ನೀವ್ಯಾಕೆ ಒಂದು ತಿಂಗ್ಳು ಮಿಷನ್ ಮುಂದೆ ಕೂತ್ರಿ?" ಅಂದ್ಲು. ಶುಭಕಾರ್ಯದ ಮನೇಲಿ ಜಗಳ ಬೇಡ ಅಂತ ನಕ್ಕು ಸುಮ್ನಾದೆ. ಇಲ್ಲಿ ಸುಮ್ನಿರಲ್ಲ.

ಅಂಟಿಸೋದು ತಪ್ಪು ಕಣಮ್ಮಾ. ನಮ್ಮನೇಲಿ ಒಂದ್ಸಲ ಅದನ್ನೇ ಮಾಡಿಸಿ ಅನುಭವಿಸಿದೀವಿ. ನಮ್ಮ ಮಾವ ತಗೊಂಡ ಗಾಡಿ ಅದು. ಮೊದಲ ಬಟ್ಟೆ, ಸಣ್ಣ ಸಣ್ಣ ತೂತಿದ್ದ ಬಿಳೀ ರೆಕ್ಸಿನ್ನು, ಇಪ್ಪತ್ತೈದು ವರ್ಷದ ಮೇಲೆ ಬಾಳಿಕೆ ಬಂತು. ಅದು ಹರಿದಾಗ ನಮ್ಮೆಜಮಾನ್ರು ಒಂದು ಅಂಗಡಿಗೆ ಬಿಟ್ರು. ಅವನು ಹಳೇದನ್ನ ಕಿತ್ತು, ಅದರೊಳಗಿದ್ದ ಕಂಬಿಗಳನ್ನೂ ಎಳ್ದು ಹಾಕಿ, ಸ್ಪಂಜು ಹಚ್ಚಿದ ಬಟ್ಟೆನ ನೇರವಾಗಿ ಮೇಲಿನ ತಗಡಿಗೇ ಮೆತ್ತಿದ. "ಈ ಕಂಬಿ ಎಲ್ಲಾ ಗುಜರಿಗೆ ಹಾಕ್ಬಿಡಿ ಸಾರ್" ಅಂದನಂತೆ. ಮಾವ ಬಯ್ದು, ಕಂಬಿ, ಹಳೇ ಬಟ್ಟೆ ಎರಡನ್ನೂ ಡಿಕ್ಕಿಗೆ ಹಾಕಿಸ್ಕೊಂಡು ಬಂದ್ರು. ಆ ಬೈಗುಳವೇ ಕೊನೆಗೆ ನಮ್ಮನ್ನ ಕಾಪಾಡ್ತು.

ಎರಡು ಬೇಸಿಗೆ ತಡೀತು ಅಷ್ಟೆ. ಏಪ್ರಿಲ್ ಬಿಸಿಲಲ್ಲಿ ಕೋಲಾರದ ಬಸ್ ಸ್ಟ್ಯಾಂಡ್ ಹತ್ರ ಒಂದು ಗಂಟೆ ನಿಲ್ಸಿದ ಗಾಡಿ ಮೇಲೆ ಕೈ ಇಟ್ಟು ನೋಡಿ, ಹೆಂಚು ಮುಟ್ಟಿದಂಗೆ ಇರ್ತದೆ. ಆ ಕಾವಿಗೆ ಗೋಂದು ಮೆತ್ತಗಾಗಿ ಬಿಟ್ಕೊಳ್ತು, ಸ್ಪಂಜು ರಾಗಿಹಿಟ್ಟಿನಂಗೆ ಪುಡಿಪುಡಿಯಾಗಿ ಉದುರೋಕೆ ಶುರು ಆಯ್ತು. ರೇಷ್ಮೆ ಸೀರೆ ಮೇಲೆ, ಮಗು ತಲೆ ಮೇಲೆ, ಪೂಜೆಗೆ ತಗೊಂಡೋಗೋ ಹೂವಿನ ಬುಟ್ಟಿ ಮೇಲೆ. ಮೊಮ್ಮಗು ಕೆಮ್ಮಿದ್ರೆ ಧೂಳು ಅಂತಿದ್ರು ಎಲ್ರೂ. ಹೌದು, ಧೂಳೇ. ಎಲ್ಲಿಂದ ಬರ್ತಿತ್ತು ಆ ಧೂಳು?

ಒಂದಿನ ಬೆಂಗ್ಳೂರಿಂದ ಬರ್ತಾ ನರಸಾಪುರ ದಾಟಿದ್ವಿ. ಮುಂದಿನ ಕಡೆ ಬಟ್ಟೆ ಪೂರ್ತಿ ಕಳಚ್ಕೊಂಡು ಗಾಡಿ ಓಡಿಸ್ತಿದ್ದ ನಮ್ಮೆಜಮಾನ್ರ ಮುಖದ ಮೇಲೇ ಬಿತ್ತು. ಹಿಂದೆ ಟೊಮೇಟೊ ಲಾರಿ ಹಾರ್ನ್ ಹೊಡೀತಾ ಇದೆ. ಅವರು ಒಂದು ಕೈಯಲ್ಲಿ ಬಟ್ಟೆ ಸರಿಸ್ಕೊಂಡು ಹೆಂಗೋ ಪಕ್ಕಕ್ಕೆ ತಂದು ನಿಲ್ಸಿದ್ರು. ಅಲ್ಲಿಂದ ಮನೆವರೆಗೂ ನಮ್ಮತ್ತೆ ಹಿಂದಿನ ಸೀಟಲ್ಲಿ ಕೂತು ತಮ್ಮ ಊರುಗೋಲಿಂದ ಆ ಬಟ್ಟೆನ ಎತ್ತಿ ಹಿಡ್ಕೊಂಡು ಬಂದ್ರು. ಇವತ್ತು ಹೇಳಿದ್ರೆ ಎಲ್ರೂ ನಗ್ತಾರೆ. ಅವತ್ತು ಯಾರೂ ನಗ್ಲಿಲ್ಲ.

ಅಂಬಾಸಿಡರ್ ಮಾಡ್ದೋರು ದಡ್ಡರಾ? ಅದರ ಬಟ್ಟೆನ ತಗಡಿಗೆ ಅಂಟಿಸಿಲ್ಲ, ನೇತು ಹಾಕಿದಾರೆ. ಬಟ್ಟೆಯ ಮೇಲ್ಗಡೆ ಅಡ್ಡಡ್ಡಕ್ಕೆ ಪಟ್ಟಿ ಹೊಲ್ದು, ಪ್ರತಿ ಪಟ್ಟಿಯೊಳಗೂ ಒಂದೊಂದು ಬಾಗಿದ ಕಂಬಿ ತೂರಿಸಿರ್ತಾರೆ. ಲಂಗಕ್ಕೆ ಲಾಡಿ ಪಟ್ಟಿ ಹೊಲೀತೀವಲ್ಲ, ಥೇಟ್ ಹಂಗೇ. ಕಂಬಿಯ ಎರಡು ತುದಿ ಬಾಗಿಲಿನ ಮೇಲಿನ ತೂತಿಗೆ ಸಿಕ್ಕಿಕೊಳ್ತದೆ. ಭಾರ ಎಲ್ಲಾ ಕಂಬಿ ಮೇಲೆ, ಗೋಂದು ಇರೋದು ಅಂಚಿಗೆ ಮಾತ್ರ. ತಗಡಿಗೂ ಬಟ್ಟೆಗೂ ನಡುವೆ ಗಾಳಿ ಇರೋದ್ರಿಂದ ಕಾವು ನೇರವಾಗಿ ತಾಗಲ್ಲ. ಈಗಿನ ಕಾರುಗಳ ಮಾತು ಬೇರೆ. ಅವಕ್ಕೆ ಅಚ್ಚು ಹಾಕಿದ ರಟ್ಟಿನಂಥ ಹಲಗೆ ಇರ್ತದೆ. ಅದನ್ನ ಬಿಚ್ಚಿ ಹೊರಗೆ ತಂದು, ಹಳೇ ಸ್ಪಂಜು ಪೂರ್ತಿ ಕೆರೆದು ಹೊಸಾ ಬಟ್ಟೆ ಅಂಟಿಸ್ಬೇಕು. ಅಲ್ಲಿ ಅಂಟಿಸೋದೇ ಸರಿ. ಆ ಗಾಡಿ ಕೆಲಸ ಈ ಗಾಡಿಗೆ ಮಾಡ್ತಾರಲ್ಲ, ನನ್ನ ಸಿಟ್ಟು ಅದಕ್ಕೆ.

ಇನ್ನು ನಾನು ತಿಂಗ್ಳು ಏನ್ಮಾಡ್ದೆ ಅಂದ್ರೆ, ಮಾವ ಉಳಿಸಿದ್ದ ಹಳೇ ಬಟ್ಟೆ ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕ್ದೆ ನೆಲದ ಮೇಲೆ ಹರಡಿ ಅಳತೆ ತಗೊಂಡೆ. ಕಂಬಿಗಳು ಎಲ್ಲಾ ಒಂದೇ ಅಂತ ಅನ್ಕೋಬೇಡಿ, ಒಂದೊಂದರ ಉದ್ದ, ಬಾಗು ಬೇರೆ. ಮುಂದಿಂದ ಹಿಂದಕ್ಕೆ ಯಾವುದು ಎಲ್ಲಿಗೆ ಅಂತ ಮಗಳ ನೈಲ್ ಪಾಲಿಶಲ್ಲಿ ನಂಬರ್ ಹಾಕ್ದೆ. ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದೆ, ಇಲ್ದಿದ್ರೆ ತುಕ್ಕಿನ ಕಲೆ ಬಟ್ಟೆಗೆ ಇಳೀತದೆ. ಹಿಂದಿನ ಗ್ಲಾಸಿನ ರಬ್ಬರ್ ಹತ್ರ ನೀರು ಸೋರ್ತಿತ್ತು. ಮೊದ್ಲು ಅದನ್ನ ಸರಿ ಮಾಡ್ಸಿದ್ವಿ.

ಹೊಲಿಗೆ ಬಗ್ಗೆ ಒಂದು ಮಾತು, ಮಿಷನ್ ಇರೋರಿಗೆ. ರೆಕ್ಸಿನ್ ರವಿಕೆ ಬಟ್ಟೆ ಅಲ್ಲ. ತಪ್ಪಾಗಿ ಹೊಲ್ದು ಬಿಚ್ಚಿದ್ರೆ ಸೂಜಿ ತೂತು ಹಂಗೇ ಉಳೀತದೆ, ಆಮೇಲೆ ಅಲ್ಲೇ ಹರೀತದೆ. ಅದಕ್ಕೇ ಮೊದ್ಲು ಹಳೇ ಬೆಡ್‌ಶೀಟಲ್ಲಿ ಪೂರ್ತಿ ಹೊಲ್ದು, ಗಾಡಿಗೆ ಹಾಕಿ ನೋಡ್ದೆ. ಎರಡು ಕಡೆ ಬಿಗಿ ಆಗಿತ್ತು, ತಿದ್ಕೊಂಡೆ. ಸೂಜಿ ದಪ್ಪದ್ದು, ದಾರ ನೈಲಾನ್ನು, ಹೊಲಿಗೆ ಉದ್ದುದ್ದ. ಪಾದಕ್ಕೆ ಅಂಟ್ಕೊಂಡ್ರೆ ಒಂಚೂರು ಪೌಡರ್ ಉದುರಿಸಿ.

ಹಾಕೋ ದಿನ ಬಟ್ಟೆನ ಮಹಡಿ ಮೇಲೆ ಒಂದು ಗಂಟೆ ಬಿಸಿಲಿಗೆ ಹಾಕಿ ಮೆತ್ತಗೆ ಮಾಡ್ಕೊಂಡ್ವಿ. ಮುಳಬಾಗಿಲಿಂದ ವಯಸ್ಸಾದ ಕುಶನ್ ಕೆಲಸದೋರು ಒಬ್ರು ಬಂದಿದ್ರು. ಕಂಬಿ ಎಲ್ಲಾ ಸಿಕ್ಕಿಸಿ, ನಡುವಿಂದ ಮುಂದಕ್ಕೂ ಹಿಂದಕ್ಕೂ ಎಳ್ದು, ಆಮೇಲೆ ಪಕ್ಕಕ್ಕೆ ಎಳ್ದು, ಅಂಚಿಗೆಲ್ಲಾ ನಮ್ಮ ಬಟ್ಟೆ ಒಣಗಿಸೋ ಕ್ಲಿಪ್ಪನ್ನೇ ಹಾಕಿ ಸುಕ್ಕು ಬಿಡಿಸಿದ್ರು. ಗೋಂದು ಕೊನೇಗೆ. ಆ ಹಿರಿಯರು ನನ್ನ ಹೊಲಿಗೆ ನೋಡಿ ಏನೂ ಅನ್ಲಿಲ್ಲ, ಬೆರಳಲ್ಲಿ ಒಂದ್ಸಲ ಸವರಿ ಕೆಲಸ ಮುಂದುವರ್ಸಿದ್ರು. ಸಾಕಾಯ್ತು ನಂಗೆ.

"ಮೇಲೆ ಯಾರು ನೋಡ್ತಾರೆ?" ಅಂದ ನಮ್ಮ ಮೈದುನನಿಗೂ ಉತ್ತರ ಕೊಟ್ಬಿಡ್ತೀನಿ. ಗಾಡಿ ಓಡಿಸೋರು ರಸ್ತೆ ನೋಡ್ತಾರಪ್ಪ. ಹಿಂದೆ ಮಗುನ ತೊಡೆ ಮೇಲೆ ಮಲಗಿಸ್ಕೊಂಡು ಕೂರೋರು ನಾವು, ನಾವು ಮೇಲೇ ನೋಡೋದು. "ಕೂಲಿ ಉಳೀತಲ್ಲ ಅತ್ತಿಗೆ" ಅಂತನೂ ಅಂದ. ಒಂದು ತಿಂಗಳ ಮಧ್ಯಾಹ್ನಗಳು ನನ್ನವು, ಪುಗಸಟ್ಟೆ ಅಲ್ಲ. ಮಾರಿಬಿಡಿ ಅನ್ನೋರಿಗೆ ಇಷ್ಟೇ: 2014ರಲ್ಲಿ ಉತ್ತರಪಾರಾ ಕಾರ್ಖಾನೇಲಿ ಈ ಗಾಡಿ ಮಾಡೋದೇ ನಿಲ್ಸಿದ್ರು. ಎಂಜಿನ್ ಗಟ್ಟಿ ಇರೋ ಗಾಡಿನ ಒಂದು ಬಟ್ಟೆ ಜೋತು ಬಿತ್ತು ಅಂತ ಗುಜರಿಗೆ ಕಳ್ಸೋಕೆ ನಂಗೆ ಮನಸಿಲ್ಲ.

ಮಿಷನ್ ಇಲ್ಲದೋರು, ಪುರುಸೊತ್ತಿಲ್ಲದೋರು ಅಂಗಡೀಲೇ ಮಾಡಿಸಿ, ತಪ್ಪಿಲ್ಲ. ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ, "ಪಟ್ಟಿ ಹೊಲ್ದು ಹಳೇ ಕಂಬಿನೇ ಹಾಕ್ತೀರಾ?" ಅಂತ ಕೇಳಿ. "ಅದೆಲ್ಲಾ ಬೇಡಮ್ಮ" ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ.

ಹಿಂದಿನ ಎಡಗಡೆ ಮೂಲೇಲಿ ಒಂದು ಸುಕ್ಕು ಉಳ್ಕೊಂಡಿದೆ, ಅದು ನನ್ನ ತಪ್ಪು, ಕಾಲಿಂಚು ಜಾಸ್ತಿ ಬಿಟ್ಟಿದ್ದೆ. ಅಳತೆ ತೆಗೆದ ಹಳೇ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದೀನಿ. ಮಾಲೂರಿನ ನಾದಿನಿ ಮನೇಲೂ ಅಂಬಾಸಿಡರ್ ಇದೆ, ಬೇಕಾದ್ರೆ ತಗೊಂಡೋಗ್ಲಿ. ವಾಪಸ್ ಮಾತ್ರ ಕೊಡ್ಬೇಕು.